ರೀಚಾರ್ಜ್ ಆಗಿದೆ, ಕರೆಂಟ್ ಬಂದಿಲ್ಲ: ಪ್ರಿಪೇಯ್ಡ್ ಸ್ಮಾರ್ಟ್ ಮೀಟರ್‌ನಲ್ಲಿ ದೋಷ ಹುಡುಕುವ ಬಗೆ

"ದುಡ್ಡು ಕಟ್ಟಿದ್ದೇನೆ, ಮೆಸೇಜೂ ಬಂದಿದೆ, ಮನೆ ಮಾತ್ರ ಇನ್ನೂ ಕತ್ತಲೆ." ಪ್ರಿಪೇಯ್ಡ್ ಮೀಟರ್‌ನ ದೂರು ಸಾಮಾನ್ಯವಾಗಿ ಹೀಗೇ ಬರುತ್ತದೆ. ಕೇಳುವುದಕ್ಕೆ ಒಂದೇ ದೂರು. ಒಳಗೆ ಕೈ ಹಾಕಿದರೆ ಐದಾರು ಬೇರೆ ಬೇರೆ ದೋಷಗಳು ಸಿಗುತ್ತವೆ. ದುಡ್ಡು ಲೆಕ್ಕಕ್ಕೇ ಸೇರಿಲ್ಲದಿರಬಹುದು. ಸೇರಿದ್ದರೂ ಸರ್ವರ್‌ನಿಂದ ಆದೇಶ ಹೊರಟಿಲ್ಲದಿರಬಹುದು. ಹೊರಟದ್ದು ದಾರಿಯಲ್ಲಿ ಕಳೆದುಹೋಗಿರಬಹುದು. ಮೀಟರ್ ಅದನ್ನು ಪಡೆದು ತಿರಸ್ಕರಿಸಿರಬಹುದು. ಒಪ್ಪಿಕೊಂಡರೂ ಒಳಗಿನ ರಿಲೇ, ಅಂದರೆ ಮನೆಗೆ ಕರೆಂಟ್ ಕೂಡಿಸುವ ಬಿಡಿಸುವ ಸ್ವಿಚ್, ಕೂಡದೆ ಇರಬಹುದು.

ಇದರಲ್ಲಿ ಯಾವುದು ಅಂತ ಗೊತ್ತಾಗುವ ಮೊದಲೇ ಮೀಟರ್ ಬದಲಿಸಿಬಿಡುವ ಅಭ್ಯಾಸ ತುಂಬ ಕಡೆ ಇದೆ. ಹೊಸ ಮೀಟರ್ ಹಾಕಿದ ಕೂಡಲೇ ಕರೆಂಟ್ ಬರುತ್ತದೆ, ನಿಜ. ಆದರೆ ಹೊಸ ಮೀಟರ್ ಜೊತೆಗೆ ಹೊಸ ಸಿಮ್, ಹೊಸ ನೋಂದಣಿ, ಗೂಢಲಿಪಿಯ ಹೊಸ ಕೀಲಿಗಳು ಎಲ್ಲವೂ ಬಂದಿರುತ್ತವೆ. ಇವುಗಳಲ್ಲಿ ಯಾವುದು ಕೆಟ್ಟಿತ್ತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಅದೇ ದೋಷ ಮುಂದಿನ ವಾರ ಪಕ್ಕದ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಬರಹ ದೂರು ವಿಭಾಗದಲ್ಲಿ ಕೂತವರಿಗೆ, ಮೀಟರ್ ಮುಂದೆ ನಿಂತವರಿಗೆ, ಮತ್ತು ಸರ್ವರ್ ಕಡೆ ನೋಡಿಕೊಳ್ಳುವವರಿಗೆ. ಮನೆಯವರಿಗೂ ಮೊದಲ ಭಾಗ ಉಪಯೋಗಕ್ಕೆ ಬರುತ್ತದೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ರಿಲೇ ತೆರೆದು ಕರೆಂಟ್ ಕಡಿದಿದ್ದರೂ ಮೀಟರ್‌ನ ಒಳಬರುವ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮನೆ ಕತ್ತಲಾಗಿದೆ ಅಂದ ಮಾತ್ರಕ್ಕೆ ಮೀಟರ್ ಮುಟ್ಟಬಹುದು ಅಂತಲ್ಲ. ಸೀಲ್ ತೆಗೆಯುವ ಕೆಲಸ ಅದಕ್ಕೆ ಅಧಿಕಾರ ಮತ್ತು ತರಬೇತಿ ಎರಡೂ ಇರುವವರದು ಮಾತ್ರ.

ಬ್ಯಾಲೆನ್ಸ್ ಎಲ್ಲಿದೆ?

ಮೊದಲ ಪ್ರಶ್ನೆ ಇದು. ಪ್ರಿಪೇಯ್ಡ್ ವ್ಯವಸ್ಥೆಯಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಬ್ಯಾಲೆನ್ಸ್ ಮೀಟರ್ ಒಳಗೇ ಇರುತ್ತದೆ. ರೀಚಾರ್ಜ್ ಮಾಡಿದಾಗ ಒಂದು ಟೋಕನ್ ಸಂಖ್ಯೆ ಸಿಗುತ್ತದೆ. ಅದನ್ನು ಕೀಪ್ಯಾಡ್‌ನಲ್ಲಿ ಒತ್ತಬೇಕು, ಅಥವಾ ನೆಟ್‌ವರ್ಕ್ ಮೂಲಕ ತಾನೇ ಹೋಗಿ ಸೇರುತ್ತದೆ. ಬ್ಯಾಲೆನ್ಸ್ ಮುಗಿದರೆ ಮೀಟರ್ ಯಾರನ್ನೂ ಕೇಳದೆ ತಾನೇ ಕಡಿತ ಮಾಡುತ್ತದೆ.

ಇನ್ನೊಂದರಲ್ಲಿ ಬ್ಯಾಲೆನ್ಸ್ ಸರ್ವರ್‌ನಲ್ಲಿರುತ್ತದೆ. ಮೀಟರ್ ರೀಡಿಂಗ್ ಕಳಿಸುತ್ತಾ ಹೋಗುತ್ತದೆ, ಅಷ್ಟೇ. ಲೆಕ್ಕ ಮಾಡುವುದು, ಕಡಿತದ ಆದೇಶ ಕೊಡುವುದು, ಮತ್ತೆ ಜೋಡಿಸುವ ಆದೇಶ ಕೊಡುವುದು ಎಲ್ಲವೂ ಸರ್ವರ್ ಕೆಲಸ. ಇಂಥ ಮೀಟರ್‌ಗೆ ತನ್ನಲ್ಲಿ ಎಷ್ಟು ದುಡ್ಡಿದೆ ಅಂತ ಗೊತ್ತೇ ಇರುವುದಿಲ್ಲ. ಡಿಸ್‌ಪ್ಲೇಯಲ್ಲಿ ಬ್ಯಾಲೆನ್ಸ್ ತೋರಿಸಿದರೂ ಅದು ಸರ್ವರ್ ಯಾವಾಗಲೋ ಕಳಿಸಿದ ಅಂಕಿ.

ಈ ಎರಡರ ದೋಷಗಳು ಬೇರೆ, ಹುಡುಕುವ ದಾರಿಯೂ ಬೇರೆ. ಸರ್ವರ್ ಬಗೆಯ ಮೀಟರ್ ಮುಂದೆ ನಿಂತು ಟೋಕನ್ ಹುಡುಕುತ್ತಾ ಕೂತರೆ ದಿನ ಹೋಗುತ್ತದೆ.

ಡಿಸ್‌ಪ್ಲೇ ನೋಡಿ, ಆಮೇಲೆ ಮಾತಾಡಿ

ಫೋನ್‌ನಲ್ಲಿ ದೂರು ತೆಗೆದುಕೊಳ್ಳುವವರು ಮೊದಲು ಕೇಳಬೇಕಾದದ್ದು ಮೂರು. ಮೀಟರ್ ಮೇಲಿನ ಸಂಖ್ಯೆ, ದುಡ್ಡು ಕಟ್ಟಿದ ಹೊತ್ತು, ಡಿಸ್‌ಪ್ಲೇಯಲ್ಲಿ ಈಗ ಕಾಣುತ್ತಿರುವುದು. ಮೀಟರ್ ಸಂಖ್ಯೆಯನ್ನು ಮೀಟರ್ ನೋಡಿಯೇ ಓದಿಸಿ. ಹಳೇ ಬಿಲ್ಲಿನಿಂದಲೋ ಆ್ಯಪ್‌ನಿಂದಲೋ ಓದಿಸಬೇಡಿ. ಮೀಟರ್ ಬದಲಾದ ಮೇಲೆ ದಾಖಲೆಯಲ್ಲಿ ಹಳೇ ಸಂಖ್ಯೆಯೇ ಉಳಿದಿದ್ದರೆ, ದುಡ್ಡು ಕಳಚಿಟ್ಟ ಮೀಟರ್‌ಗೆ ಹೋಗುತ್ತಿರುತ್ತದೆ. ಸಾಲಾಗಿ ಮೀಟರ್‌ಗಳಿರುವ ಕಟ್ಟಡದಲ್ಲಿ ಎರಡು ಮನೆಗಳ ಮೀಟರ್ ಅದಲುಬದಲಾಗಿರುವುದೂ ಉಂಟು. ಒಬ್ಬರು ರೀಚಾರ್ಜ್ ಮಾಡಿದರೆ ಇನ್ನೊಬ್ಬರ ಮನೆಗೆ ಬೆಳಕು. ಇದನ್ನು ಪತ್ತೆ ಹಚ್ಚಲು ಯಾವ ಉಪಕರಣವೂ ಬೇಡ.

ಡಿಸ್‌ಪ್ಲೇ ಪೂರ್ತಿ ಸತ್ತಿದ್ದರೆ ಅದು ರೀಚಾರ್ಜ್ ಸಮಸ್ಯೆ ಅಲ್ಲ. ಬ್ಯಾಲೆನ್ಸ್ ಮುಗಿದು ಕಡಿತವಾದ ಮೀಟರ್‌ನ ಡಿಸ್‌ಪ್ಲೇ ಉರಿಯುತ್ತಲೇ ಇರುತ್ತದೆ, ಯಾಕೆಂದರೆ ಮೀಟರ್‌ಗೆ ಕರೆಂಟ್ ಸಿಗುವುದು ರಿಲೇಗಿಂತ ಮುಂಚಿನ ಕಡೆಯಿಂದ. ಡಿಸ್‌ಪ್ಲೇ ಇಲ್ಲ ಅಂದರೆ ಒಳಬರುವ ಲೈನೇ ಇಲ್ಲ, ಇಲ್ಲವೇ ಮೀಟರ್‌ನ ಪವರ್ ಸಪ್ಲೈ ಹೋಗಿದೆ. ಪಕ್ಕದ ಮನೆಯಲ್ಲಿ ಕರೆಂಟ್ ಇದೆಯೇ ಅಂತ ಕೇಳಿದರೆ ಅರ್ಧ ಉತ್ತರ ಸಿಕ್ಕಿತು.

ಡಿಸ್‌ಪ್ಲೇ ಇದೆ, ಅದರಲ್ಲಿ ರಿಲೇ ಕೂಡಿದೆ ಅನ್ನುವ ಗುರುತೂ ಇದೆ, ಆದರೂ ಮನೆಯಲ್ಲಿ ಕರೆಂಟ್ ಇಲ್ಲವೇ? ಹಾಗಾದರೆ ಮೊದಲು ಮನೆಯ ಮುಖ್ಯ ಎಂಸಿಬಿ ನೋಡಿಸಿ. ಸುಮ್ನೆ ಹೇಳುತ್ತಿಲ್ಲ. ಕಡಿತವಾದಾಗ "ಏನೋ ಟ್ರಿಪ್ ಆಗಿರಬೇಕು" ಅಂತ ಯಾರೋ ಎಂಸಿಬಿ ಕೆಳಗೆ ಮಾಡಿ ಮರೆತಿರುತ್ತಾರೆ.

ಟೋಕನ್ ಬಗೆಯ ಮೀಟರ್

ಕೀಪ್ಯಾಡ್ ಮೀಟರ್‌ಗಳಲ್ಲಿ ಬಹುಪಾಲು ಎಸ್‌ಟಿಎಸ್ ಎಂಬ ಮಾನದಂಡದವು. ಅದರ ಟೋಕನ್ 20 ಅಂಕಿಗಳದ್ದು. ಆ 20 ಅಂಕಿಗಳ ಒಳಗೆ ಎಷ್ಟು ಯೂನಿಟ್ ಅನ್ನುವುದು ಮತ್ತು ಟೋಕನ್ ಹುಟ್ಟಿದ ಹೊತ್ತು ಎರಡೂ ಗೂಢಲಿಪಿಯಲ್ಲಿ ಅಡಗಿರುತ್ತವೆ. ಬಿಡಿಸುವ ಕೀಲಿ ಪ್ರತಿ ಮೀಟರ್‌ಗೂ ಬೇರೆ, ಅದು ಮೀಟರ್ ಒಳಗೇ ಇರುತ್ತದೆ. ಹೀಗಾಗಿ ನೆಟ್‌ವರ್ಕ್ ಇಲ್ಲದಿದ್ದರೂ ಟೋಕನ್ ಕೆಲಸ ಮಾಡುತ್ತದೆ.

ಮೀಟರ್ ಟೋಕನ್ ತಿರಸ್ಕರಿಸಿದಾಗ ಹೇಗೆ ತಿರಸ್ಕರಿಸಿತು ಅನ್ನುವುದು ಮುಖ್ಯ. "ಬಳಸಿದ್ದು" ಅಂದರೆ ಅದೇ ಟೋಕನ್ ಈಗಾಗಲೇ ಒಳಗೆ ಹೋಗಿದೆ. ನೆಟ್‌ವರ್ಕ್ ಮೂಲಕ ತಾನೇ ಸೇರಿದ ಮೇಲೆ ಗ್ರಾಹಕರು ಮತ್ತೆ ಒತ್ತಿದರೆ ಇದೇ ಉತ್ತರ ಬರುತ್ತದೆ. ಬ್ಯಾಲೆನ್ಸ್ ನೋಡಿದರೆ ಸೇರಿರುತ್ತದೆ. "ತಪ್ಪು" ಅಂದರೆ ಅಂಕಿ ತಪ್ಪಿದೆ, ಅಥವಾ ಟೋಕನ್ ಬೇರೆ ಮೀಟರ್‌ನದು, ಅಥವಾ ಮೀಟರ್‌ನ ಕೀಲಿ ಬದಲಾಗಿದ್ದು ಮಾರಾಟ ವ್ಯವಸ್ಥೆಯಲ್ಲಿ ಬದಲಾಗಿಲ್ಲ. "ಹಳೆಯದು" ಅಂದರೆ ಟೋಕನ್‌ನಲ್ಲಿರುವ ಹೊತ್ತು ಮೀಟರ್ ಒಪ್ಪುವುದಕ್ಕಿಂತ ಹಿಂದಿನದು.

ಈ "ಹಳೆಯದು" ಅನ್ನುವುದಕ್ಕೆ ಒಂದು ಕಥೆ ಇದೆ. ಎಸ್‌ಟಿಎಸ್ ಟೋಕನ್ ಹೊತ್ತನ್ನು 1993ರ ಜನವರಿ 1ರಿಂದ ನಿಮಿಷಗಳಲ್ಲಿ ಎಣಿಸುತ್ತದೆ. ಆ ಎಣಿಕೆಗೆ ಕೊಟ್ಟಿರುವುದು 24 ಬಿಟ್ ಜಾಗ. ಅಂದರೆ 1,67,77,216 ನಿಮಿಷ, ಸುಮಾರು 32 ವರ್ಷ. 2024ರ ನವೆಂಬರ್ 24ಕ್ಕೆ ಆ ಜಾಗ ತುಂಬಿ ಎಣಿಕೆ ಮತ್ತೆ ಸೊನ್ನೆಗೆ ಬಂತು. ಅದಕ್ಕೆ ಮುಂಚೆಯೇ ಪ್ರತಿ ಮೀಟರ್‌ಗೂ ಕೀಲಿ ಬದಲಿಸುವ ಟೋಕನ್‌ಗಳನ್ನು ಒತ್ತಬೇಕಿತ್ತು. ಸಾಮಾನ್ಯವಾಗಿ ಎರಡು ಟೋಕನ್, ಕೊಟ್ಟ ಕ್ರಮದಲ್ಲೇ. ಆಗ ಮೀಟರ್‌ನ ನೆನಪು ಅಳಿಸಿ ಹೊಸ ಎಣಿಕೆ ಶುರುವಾಗುತ್ತದೆ. ಬೀಗ ಹಾಕಿದ್ದ ಮನೆಗಳಲ್ಲಿ, ಗೋಡೌನ್‌ನಲ್ಲಿ ಇಟ್ಟಿದ್ದ ಮೀಟರ್‌ಗಳಲ್ಲಿ ಈ ಕೆಲಸ ಉಳಿದಿರಬಹುದು. ಈಗ ಕೊಂಡ ಟೋಕನ್ ಅಂಥ ಮೀಟರ್‌ಗೆ ತೀರಾ ಹಳೆಯದಾಗಿ ಕಾಣುತ್ತದೆ. ಹಾರ್ಡ್‌ವೇರ್ ಚೆನ್ನಾಗಿಯೇ ಇರುತ್ತದೆ. ಕೀಲಿ ಬದಲಿಸುವ ಟೋಕನ್ ಕೊಡಿಸಿ, ಸಾಕು. ಒಂದು ಎಚ್ಚರಿಕೆ: ಕೀಲಿ ಬದಲಾದ ಮೇಲೆ, ಮುಂಚೆ ಕೊಂಡು ಬಳಸದೆ ಇಟ್ಟಿದ್ದ ಟೋಕನ್ ನಡೆಯುವುದಿಲ್ಲ. ಇದ್ದರೆ ಮೊದಲು ಅದನ್ನು ಒತ್ತಿಸಿಕೊಳ್ಳಿ.

ಸರ್ವರ್ ಬಗೆಯ ಮೀಟರ್: ಹೊತ್ತಿನ ಜಾಡು ಹಿಡಿಯುವುದು

ಇಲ್ಲಿ ರೀಚಾರ್ಜ್ ಐದು ಕೈ ದಾಟುತ್ತದೆ. ಪಾವತಿ ಗೇಟ್‌ವೇ, ಪ್ರಿಪೇಯ್ಡ್ ಲೆಕ್ಕದ ಸಾಫ್ಟ್‌ವೇರ್, ಮೀಟರ್‌ಗಳ ಜೊತೆ ಮಾತಾಡುವ ಹೆಡ್ ಎಂಡ್ ಸರ್ವರ್, ಸಂಪರ್ಕ ಜಾಲ, ಕೊನೆಗೆ ಮೀಟರ್. ಪ್ರತಿಯೊಂದು ಕಡೆಯೂ ಒಂದು ಲಾಗ್, ಅಂದರೆ ನಡೆದದ್ದರ ದಾಖಲೆ, ಇರುತ್ತದೆ. ಪ್ರತಿಯೊಂದು ಲಾಗ್‌ನಲ್ಲೂ ಈ ಒಂದು ರೀಚಾರ್ಜ್‌ನ ಹೊತ್ತು ಹುಡುಕಿ ಸಾಲಾಗಿ ಬರೆದುಕೊಳ್ಳಿ. ಎಲ್ಲಿ ಸಾಲು ನಿಂತಿತೋ ಅಲ್ಲಿಂದ ಮುಂದೆ ಹುಡುಕಬೇಕು.

ಮೊದಲು ನಡುವಿನದನ್ನು ನೋಡಿ. ಹೆಡ್ ಎಂಡ್‌ಗೆ ಜೋಡಿಸುವ ಆದೇಶ ತಲುಪಿದೆಯೇ? ತಲುಪಿಲ್ಲ ಅಂದರೆ ದೋಷ ದುಡ್ಡಿನ ಕಡೆ ಇದೆ, ಮೀಟರ್ ಹತ್ತಿರ ಯಾರನ್ನೂ ಓಡಿಸಬೇಡಿ. ಬಾಕಿ ಕಳೆದು ಉಳಿದ ಬ್ಯಾಲೆನ್ಸ್ ಇನ್ನೂ ಸೊನ್ನೆಗಿಂತ ಕೆಳಗಿರುವುದು ಇಲ್ಲಿ ಕಾಣುವ ಮಾಮೂಲಿ ಕಾರಣ. ಕಡಿತಕ್ಕೆ ಮುಂಚೆ ಮೀಟರ್ ಕೆಲವು ದಿನ ಸಂಪರ್ಕದಲ್ಲಿ ಇಲ್ಲದಿದ್ದರೆ, ಆ ದಿನಗಳ ಬಳಕೆ ಒಮ್ಮೆಲೇ ಬಂದು ಬ್ಯಾಲೆನ್ಸ್ ನುಂಗಿರುತ್ತದೆ. ಗ್ರಾಹಕರಿಗೆ ಇದು ಮೋಸದ ಹಾಗೆ ಕಾಣುತ್ತದೆ, ಕಾಣಬೇಕಾದ್ದೇ. ಮೀಟರ್‌ನ ಒಟ್ಟು ಯೂನಿಟ್ ರಿಜಿಸ್ಟರ್‌ನ ಹಿಂದಿನ ಅಂಕಿ, ಇವತ್ತಿನ ಅಂಕಿ ಎರಡನ್ನೂ ತೋರಿಸಿ ಲೆಕ್ಕ ಹೇಳಿ. ಮೀಟರ್‌ನ ಪ್ರತಿ ಅಂಕಿಗೂ ಗುರುತಾಗಿ ಇರುವ ಓಬಿಸ್ ಕೋಡ್ ಪ್ರಕಾರ ಅದು 1.8.0, ಬಹಳಷ್ಟು ಮೀಟರ್‌ಗಳ ಡಿಸ್‌ಪ್ಲೇಯಲ್ಲೇ ಈ ಕೋಡ್ ಸಮೇತ ಬರುತ್ತದೆ.

ಆದೇಶ ತಲುಪಿದ್ದರೆ ಹೆಡ್ ಎಂಡ್‌ನಲ್ಲಿ ಅದರ ಸ್ಥಿತಿ ನೋಡಿ. ಇಲ್ಲಿ ಒಂದು ಹಳೇ ಜಗಳ ಇದೆ. ಕೆಲವು ಹೆಡ್ ಎಂಡ್‌ಗಳು ಆದೇಶ ಹೊರಟ ಕೂಡಲೇ "ಯಶಸ್ವಿ" ಅಂತ ಬರೆದುಬಿಡುತ್ತವೆ. ಅದು ಯಶಸ್ಸಲ್ಲ, ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ್ದಷ್ಟೇ. ನಿಮಗೆ ಬೇಕಾಗಿರುವುದು ಮೀಟರ್‌ನಿಂದ ವಾಪಸ್ ಓದಿದ ರಿಲೇ ಸ್ಥಿತಿ.

ರಿಲೇ ಏನು ಹೇಳುತ್ತಿದೆ

ಸರ್ವರ್ ಜೊತೆ ಡಿಎಲ್‌ಎಂಎಸ್ ಎಂಬ ಮಾನದಂಡದ ಭಾಷೆ ಮಾತಾಡುವ ಮೀಟರ್‌ನಲ್ಲಿ ರಿಲೇಗೆ ಒಂದು ವಸ್ತು ಇದೆ, ಓಬಿಸ್ 0.0.96.3.10.255. ಅದರ ಸ್ಥಿತಿ ಮೂರು ಬಗೆ. 0 ಅಂದರೆ ಕಡಿತ. 1 ಅಂದರೆ ಜೋಡಣೆ. 2 ಅಂದರೆ ಜೋಡಣೆಗೆ ತಯಾರು.

ಈ 2 ತುಂಬ ಜನರನ್ನು ಓಡಾಡಿಸುತ್ತದೆ. ಸರ್ವರ್ ಅನುಮತಿ ಕೊಟ್ಟಿದೆ, ಮೀಟರ್ ಒಪ್ಪಿದೆ, ಆದರೆ ಮನೆಯವರು ಮೀಟರ್ ಬಟನ್ ಒತ್ತುವವರೆಗೆ ರಿಲೇ ಕೂಡುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಯಾರೂ ಇಲ್ಲದ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯೋ ಹೀಟರ್ರೋ ಆನ್ ಆಗಿಯೇ ಉಳಿದಿದ್ದರೆ, ದೂರದಿಂದ ಕರೆಂಟ್ ಕೊಡುವುದು ಅಪಾಯ. ಒಮ್ಮೆ ಒಂದು ಕಟ್ಟಡದಿಂದ ಒಂದೇ ದಿನ ಹಲವು ದೂರು ಬಂದವು. ಹೋಗಿ ನೋಡಿದರೆ ಅಷ್ಟೂ ಮೀಟರ್‌ಗಳ ಡಿಸ್‌ಪ್ಲೇಯಲ್ಲಿ ರಿಲೇ ಗುರುತು ಮಿನುಗುತ್ತಿತ್ತು. ಬಟನ್ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ "ಟಕ್" ಅಂತ ಸದ್ದು, ಒಳಗೆ ದೀಪ. ಮೀಟರ್ ಪೆಟ್ಟಿಗೆಗೆ ಬೀಗ ಹಾಕಿದ್ದರಿಂದ ಮನೆಯವರಿಗೆ ಬಟನ್ ಇರುವುದೇ ಗೊತ್ತಿರಲಿಲ್ಲ. ಅಂಥ ಕಡೆ ನೇರವಾಗಿ ಜೋಡಿಸುವ ಮೋಡ್‌ಗೆ ಬದಲಿಸುವುದು, ಇಲ್ಲವೇ ಪೆಟ್ಟಿಗೆಯ ಹೊರಗಿಂದ ಬಟನ್ ಕೈಗೆಟುಕುವ ಹಾಗೆ ಮಾಡುವುದು, ಎರಡರಲ್ಲಿ ಒಂದು ಆಗಬೇಕು. ರೀಚಾರ್ಜ್ ಮೆಸೇಜ್‌ನಲ್ಲಿ "ಬಟನ್ ಒತ್ತಿ" ಅನ್ನುವ ಎರಡು ಪದ ಸೇರಿಸಿದರೆ ಅರ್ಧ ದೂರು ನಿಲ್ಲುತ್ತದೆ.

ಸ್ಥಿತಿ 0 ಇದ್ದರೆ ಈವೆಂಟ್ ಲಾಗ್ ಓದಿ. ಕಡಿತದ ಕಾರಣ ಬ್ಯಾಲೆನ್ಸ್ ಆಗಿರಬೇಕೆಂದಿಲ್ಲ. ಲೋಡ್ ಮಿತಿ ದಾಟಿದ್ದು, ಮುಚ್ಚಳ ತೆರೆದದ್ದು, ಅಯಸ್ಕಾಂತ ಇಟ್ಟದ್ದು ಕೂಡ ಕಡಿತಕ್ಕೆ ಕಾರಣವಾಗಬಹುದು. ಇವಕ್ಕೆ ರೀಚಾರ್ಜ್ ಮದ್ದಲ್ಲ.

ಸ್ಥಿತಿ 1 ಅಂತ ಬರುತ್ತಿದೆ, ಮನೆಯ ಎಂಸಿಬಿಯೂ ಸರಿ ಇದೆ, ಕರೆಂಟ್ ಮಾತ್ರ ಇಲ್ಲ. ಅಥವಾ ಸ್ಥಿತಿ 0, ಆದರೂ ಮನೆಯಲ್ಲಿ ಕರೆಂಟ್ ಇದೆ. ಇವು ರಿಲೇಯ ದೋಷ. ಮೀಟರ್‌ನಲ್ಲಿರುವುದು ಲ್ಯಾಚಿಂಗ್ ರಿಲೇ. ಒಂದು ಚಿಕ್ಕ ಪಲ್ಸ್ ಕೊಟ್ಟರೆ ಆ ಕಡೆಗೋ ಈ ಕಡೆಗೋ ಹೊರಳಿ ಅಲ್ಲೇ ನಿಲ್ಲುತ್ತದೆ, ಹಿಡಿದಿಡಲು ಕರೆಂಟ್ ಬೇಡ. ಕೆಲವು ಮೀಟರ್‌ಗಳು ಕೊನೆಗೆ ಕೊಟ್ಟ ಆದೇಶವನ್ನೇ ಸ್ಥಿತಿ ಅಂತ ವರದಿ ಮಾಡುತ್ತವೆ, ಸಂಪರ್ಕ ನಿಜವಾಗಿ ಕೂಡಿತೋ ಇಲ್ಲವೋ ನೋಡುವುದಿಲ್ಲ. ಜಾಸ್ತಿ ಲೋಡ್ ಇರುವಾಗ ಪದೇ ಪದೇ ಜೋಡಿಸಿ ಬಿಡಿಸಿದರೆ ಸಂಪರ್ಕಬಿಂದುಗಳು ಬೆಸೆದುಕೊಳ್ಳುತ್ತವೆ. ಸ್ಥಿತಿ 0 ಇರುವಾಗಲೂ ಮೀಟರ್ ಕರೆಂಟ್ ಹರಿವು ತೋರಿಸುತ್ತಿದ್ದರೆ ಬೆಸುಗೆಯೇ ಸರಿ. ಈಗ ಮಾತ್ರ ಮೀಟರ್ ಬದಲಿಸಲು ಕಾರಣ ಸಿಕ್ಕಿತು.

ಮೀಟರ್ ಸಿಗುತ್ತಿಲ್ಲ

ಹೆಚ್ಚು ಹೊತ್ತು ತಿನ್ನುವುದು ಇದೇ. ಮೊದಲು ಒಂದು ಮೀಟರ್ ಸಂಪರ್ಕಕ್ಕೆ ಸಿಗುತ್ತಿಲ್ಲವೋ, ಒಂದು ಗುಂಪೇ ಸಿಗುತ್ತಿಲ್ಲವೋ ನೋಡಿ. ಗುಂಪಿಗೆ ಸಾಮಾನ್ಯವಾದ ವಸ್ತು ಯಾವುದು? ಒಂದೇ ಟವರ್, ಒಂದೇ ಡೇಟಾ ಕಾನ್ಸಂಟ್ರೇಟರ್ (ಸುತ್ತಲಿನ ಮೀಟರ್‌ಗಳ ಮಾತು ಒಟ್ಟುಮಾಡಿ ಕಳಿಸುವ ಪೆಟ್ಟಿಗೆ), ಒಂದೇ ಕಂಪನಿಯ ಸಿಮ್, ಒಂದೇ ಫರ್ಮ್‌ವೇರ್ (ಮೀಟರ್ ಒಳಗಿನ ಸಾಫ್ಟ್‌ವೇರ್) ಆವೃತ್ತಿ, ಒಂದೇ ದಿನ ಹಾಕಿದ ಮೀಟರ್‌ಗಳು. ನಕ್ಷೆಯಲ್ಲಿ ಒತ್ತಾಗಿ ಬಿದ್ದರೆ ಜಾಲದ ದೋಷ. ಊರೆಲ್ಲ ಚದುರಿ ಬಿದ್ದರೆ ಸಿಮ್ ಇಲ್ಲವೇ ಫರ್ಮ್‌ವೇರ್.

ಮೊಬೈಲ್ ಜಾಲದ ಮೀಟರ್ ಆದರೆ ಮೋಡೆಮ್‌ನ ನೋಂದಣಿ ಸ್ಥಿತಿ ಓದಿ. ಎಟಿ+ಸಿಇಆರ್‌ಇಜಿ ಆದೇಶಕ್ಕೆ ಬರುವ ಅಂಕಿ ದಾರಿ ತೋರಿಸುತ್ತದೆ. 1 ಇಲ್ಲವೇ 5 ಅಂದರೆ ನೋಂದಣಿ ಆಗಿದೆ, 5 ಅಂದರೆ ರೋಮಿಂಗ್‌ನಲ್ಲಿ. 2 ಅಂದರೆ ಇನ್ನೂ ಟವರ್ ಹುಡುಕುತ್ತಿದೆ, ಆಂಟೆನಾ ಮತ್ತು ಸಿಗ್ನಲ್ ನೋಡಿ. 3 ಅಂದರೆ ಜಾಲ ಬೇಡ ಅಂದಿದೆ. ಸಿಮ್ ನಿಷ್ಕ್ರಿಯವಾಗಿರಬಹುದು, ಆ ಸೇವೆಗೆ ಅದಕ್ಕೆ ಅನುಮತಿ ಇಲ್ಲದಿರಬಹುದು. 3 ಬಂದಾಗ ಆಂಟೆನಾ ತಿರುಗಿಸುತ್ತಾ ನಿಲ್ಲುವುದು ದಂಡ. ನೋಂದಣಿ ಆಗಿದೆ, ಡೇಟಾ ಮಾತ್ರ ಹೋಗುತ್ತಿಲ್ಲ ಅಂದರೆ ಎಪಿಎನ್ ಹೆಸರನ್ನು, ಅಂದರೆ ಸಿಮ್ ಯಾವ ಡೇಟಾ ಜಾಲಕ್ಕೆ ಸೇರಬೇಕು ಅನ್ನುವ ಹೆಸರನ್ನು, ಅಕ್ಷರ ಅಕ್ಷರವಾಗಿ ಓದಿ.

ಸಿಗ್ನಲ್‌ಗೆ ಎಟಿ+ಸಿಎಸ್‌ಕ್ಯು ಕೊಟ್ಟರೆ 0ರಿಂದ 31ರ ಒಳಗೆ ಒಂದು ಅಂಕಿ ಬರುತ್ತದೆ. ಅದನ್ನು ಎರಡರಿಂದ ಗುಣಿಸಿ 113 ಕಳೆದರೆ ಸಿಗ್ನಲ್ ಬಲ ಡಿಬಿಎಂ ಅಳತೆಯಲ್ಲಿ ಸಿಕ್ಕಿತು. 10 ಬಂದರೆ ಮೈನಸ್ 93. 99 ಬಂದರೆ ಅಳೆಯಲು ಆಗಿಲ್ಲ ಅಂತ ಅರ್ಥ, ತುಂಬ ಚೆನ್ನಾಗಿದೆ ಅಂತಲ್ಲ! 4ಜಿಯಲ್ಲಿ, ಮತ್ತು ಸ್ವಲ್ಪವೇ ಡೇಟಾ ಕಳಿಸುವ ಸಾಧನಗಳಿಗಾಗಿ ಮಾಡಿದ ಮೊಬೈಲ್ ಜಾಲ ಎನ್‌ಬಿ ಐಒಟಿಯಲ್ಲಿ ಈ ಒಂದೇ ಅಂಕಿ ನಂಬಬೇಡಿ. ಆರ್‌ಎಸ್‌ಆರ್‌ಪಿ (ಸಿಗ್ನಲ್ ಎಷ್ಟು ಜೋರು) ಮತ್ತು ಎಸ್‌ಐಎನ್‌ಆರ್ (ಗದ್ದಲದ ಎದುರು ಸಿಗ್ನಲ್ ಎಷ್ಟು) ಎರಡನ್ನೂ ನೋಡಿ. ಸಿಗ್ನಲ್ ಜೋರಾಗಿದ್ದೂ ಗದ್ದಲ ಅದಕ್ಕಿಂತ ಜೋರಾಗಿದ್ದರೆ ಮಾತು ಕೇಳಿಸುವುದಿಲ್ಲ, ಅಲ್ವಾ?

ಅಳೆಯುವಾಗ ಪೆಟ್ಟಿಗೆಯ ಬಾಗಿಲು ಮುಚ್ಚಿ ಅಳೆಯಿರಿ. ಬಾಗಿಲು ತೆರೆದು ನೋಡಿದರೆ ಅಂಕಿ ಚೆನ್ನಾಗಿರುತ್ತದೆ, ಟೆಕ್ನಿಷಿಯನ್ ಟಿಕ್ ಹಾಕುತ್ತಾರೆ, ಬಾಗಿಲು ಮುಚ್ಚುತ್ತಾರೆ, ಗೇಟ್ ದಾಟುವ ಮೊದಲೇ ಮೀಟರ್ ಮತ್ತೆ ಕಾಣೆ. ಕಬ್ಬಿಣದ ಪೆಟ್ಟಿಗೆ ರೇಡಿಯೊಗೆ ಗೋಡೆಯೇ. ನೆಲಮಾಳಿಗೆಯ ಮೀಟರ್ ಕೋಣೆಗಳದ್ದೂ ಇದೇ ಗೋಳು. ಆಂಟೆನಾವನ್ನು ಪೆಟ್ಟಿಗೆಯ ಹೊರಗೆ ತಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದೂ ಆಗದ ಕಡೆ ಎನ್‌ಬಿ ಐಒಟಿ ನೆರವಾಗುತ್ತದೆ. ಅದು ಹಳೇ 2ಜಿ ಡೇಟಾ ಜಾಲವಾದ ಜಿಪಿಆರ್‌ಎಸ್‌ಗಿಂತ ಸುಮಾರು 20 ಡೆಸಿಬೆಲ್ ಜಾಸ್ತಿ ನಷ್ಟ ತಾಳಿಕೊಳ್ಳುವ ಹಾಗೆ ರೂಪಿಸಿದ ಜಾಲ, ಅಂದರೆ ನೂರು ಪಟ್ಟು ಕ್ಷೀಣ ಸಿಗ್ನಲ್‌ನಲ್ಲೂ ಮಾತಾಡಬಲ್ಲದು. ಆದರೆ ಅಂಥ ಕ್ಷೀಣ ಜಾಗದಲ್ಲಿ ಒಂದೇ ಮಾತನ್ನು ಹಲವು ಸಲ ಹೇಳಿ ದಾಟಿಸುತ್ತದೆ. ಉತ್ತರಕ್ಕೆ ಹಲವು ಸೆಕೆಂಡ್ ಬೇಕಾಗುತ್ತದೆ. ಹೆಡ್ ಎಂಡ್‌ನ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಹೊತ್ತು) 4ಜಿ ಲೆಕ್ಕಕ್ಕೆ ಇಟ್ಟಿದ್ದರೆ, ಮೀಟರ್ ಉತ್ತರ ಕೊಡುವಷ್ಟರಲ್ಲಿ ಸರ್ವರ್ ಬಾಗಿಲು ಹಾಕಿಕೊಂಡಿರುತ್ತದೆ.

ನಿದ್ದೆಯ ಸೆಟ್ಟಿಂಗ್ ಇನ್ನೊಂದು. ಬ್ಯಾಟರಿ ಮೇಲೆ ನಡೆಯುವ ಸಾಧನಗಳಿಗಾಗಿ ಪಿಎಸ್‌ಎಂ ಎಂಬ ಏರ್ಪಾಡು ಇದೆ. ಸಾಧನ ಗಂಟೆಗಟ್ಟಲೆ ಮಲಗುತ್ತದೆ, ತಾನಾಗಿ ಎದ್ದಾಗ ಮಾತ್ರ ಮಾತು. ನೀರಿನ ಮೀಟರ್‌ಗೆ ಇದು ಸರಿ. ಗೋಡೆಯ ಕರೆಂಟೇ ಕುಡಿಯುವ ವಿದ್ಯುತ್ ಮೀಟರ್‌ಗೆ ಇದು ಬೇಕಾಗಿಯೇ ಇಲ್ಲ. ಆದರೂ ನೀರಿನ ಮೀಟರ್‌ನ ಕಾನ್ಫಿಗರೇಶನ್ ನಕಲು ಹೊಡೆದು ಹಾಕಿದರೆ ಜೋಡಿಸುವ ಆದೇಶ ಗಂಟೆಗಟ್ಟಲೆ ಬಾಗಿಲಲ್ಲಿ ಕಾಯುತ್ತದೆ. "ತಾನಾಗೇ ಸಂಜೆ ಬಂತು" ಅಂತ ಮುಗಿದ ದೂರುಗಳಲ್ಲಿ ಇದನ್ನು ಹುಡುಕಿ. ಇದೇ ಗುಂಪಿಗೆ ಸೇರಿದ್ದು ನ್ಯಾಟ್ (ಹಲವು ಸಾಧನಗಳು ಒಂದೇ ಇಂಟರ್ನೆಟ್ ವಿಳಾಸ ಹಂಚಿಕೊಳ್ಳುವ ಏರ್ಪಾಡು) ಸಮಸ್ಯೆ. ಮೀಟರ್ ಸರ್ವರ್‌ಗೆ ತೆರೆದ ದಾರಿ ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ ಆಪರೇಟರ್ ಕಡೆ ಮುಚ್ಚಿಹೋಗುತ್ತದೆ. ಮೀಟರ್ ಕಳಿಸುವ ರೀಡಿಂಗ್ ಬರುತ್ತಿರುತ್ತದೆ, ಸರ್ವರ್ ಕಳಿಸುವ ಆದೇಶ ಹೋಗುವುದಿಲ್ಲ. ರೀಡಿಂಗ್ ಬರುತ್ತಿದೆ, ಆದೇಶ ಮಾತ್ರ ಹೋಗುತ್ತಿಲ್ಲ ಅಂದರೆ ಮೊದಲ ಸಂಶಯ ಇದರ ಮೇಲೇ ಇರಲಿ.

ವಿದ್ಯುತ್ ತಂತಿಯ ಮೇಲೇ ಮಾತಾಡುವ ಪಿಎಲ್‌ಸಿ ಮೀಟರ್‌ಗಳಿಗೆ ದಿನದ ಹೊತ್ತು ನೋಡಬೇಕು. ಅಗ್ಗದ ಚಾರ್ಜರ್, ಎಲ್‌ಇಡಿ ಡ್ರೈವರ್, ಇನ್ವರ್ಟರ್‌ಗಳು ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. ಪಿಎಲ್‌ಸಿ ಮಾತಾಡುವುದೂ ಅಲ್ಲೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿದ್ದು ಬೆಳಗ್ಗೆ ಏಳುವ ಮೀಟರ್ ಕಂಡರೆ ಆ ಫೇಸ್‌ನಲ್ಲಿ ಹೊಸದಾಗಿ ಏನು ಸೇರಿದೆ ಅಂತ ಕೇಳಿ. ರೇಡಿಯೊ ಮೆಶ್‌ನಲ್ಲಿ ಮೀಟರ್‌ನಿಂದ ಮೀಟರ್‌ಗೆ ಮಾತು ದಾಟುತ್ತದೆ. ನಡುವಿನ ಒಂದು ಮನೆ ಕೆಡವಿದರೆ ಅದರ ಹಿಂದಿನ ಸಾಲೆಲ್ಲ ಒಂಟಿಯಾಗಬಹುದು.

ಮಾತು ತಲುಪಿದೆ, ಮೀಟರ್ ಕೇಳುತ್ತಿಲ್ಲ

ಜಾಲ ಸರಿ ಇದೆ, ಸಿಗ್ನಲ್ ಸರಿ ಇದೆ, ಪ್ಯಾಕೆಟ್ ಮೀಟರ್‌ವರೆಗೆ ಹೋಗುವುದೂ ಕಾಣುತ್ತಿದೆ. ಉತ್ತರ ಮಾತ್ರ ಇಲ್ಲ. ಆಗ ಭದ್ರತೆಯ ಎಣಿಕೆ ನೋಡಿ. ಡಿಎಲ್‌ಎಂಎಸ್‌ನಲ್ಲಿ ಗೂಢಲಿಪಿಯ ಪ್ರತಿ ಸಂದೇಶಕ್ಕೂ ಏರುತ್ತಾ ಹೋಗುವ ಒಂದು ಅಂಕಿ ಇರುತ್ತದೆ, ಇನ್ವೊಕೇಶನ್ ಕೌಂಟರ್. ಹಿಂದಿನದಕ್ಕಿಂತ ದೊಡ್ಡದಿದ್ದರೆ ಮಾತ್ರ ಮೀಟರ್ ಒಪ್ಪುತ್ತದೆ. ಹಳೇ ಸಂದೇಶವನ್ನು ಯಾರೋ ಕದ್ದು ಮತ್ತೆ ಕಳಿಸಬಾರದು ಅಂತ ಈ ಕಾವಲು.

ಈಗ ಹೆಡ್ ಎಂಡ್ ಕೆಟ್ಟು ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಎಬ್ಬಿಸಿದರು ಅಂತಿಟ್ಟುಕೊಳ್ಳಿ. ಸರ್ವರ್‌ನ ಎಣಿಕೆ ಹಿಂದಕ್ಕೆ ಹೋಯಿತು. ಮೀಟರ್ ನೆನಪಿನಲ್ಲಿ 5,200 ಇದೆ, ಸರ್ವರ್ 5,140ರಿಂದ ಕಳಿಸುತ್ತಿದೆ. ಮೀಟರ್ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಎಸೆಯುತ್ತದೆ. ಕೆಲವು ಸರ್ವರ್‌ಗಳಲ್ಲಿ ವಿಫಲವಾದ ಪ್ರತಿ ಯತ್ನಕ್ಕೂ ಎಣಿಕೆ ಒಂದು ಏರುತ್ತದೆ, ಹಾಗಾಗಿ ಸುಮಾರು ಅರವತ್ತು ಸಲ ಸೋತ ಮೇಲೆ ತಾನಾಗೇ ಸರಿಹೋಗುತ್ತದೆ. ಅದಕ್ಕೇ ಇದು ಭೂತದ ಹಾಗೆ ಬಂದು ಮಾಯವಾಗುವ ದೋಷ. ಪರಿಹಾರ ಸರಳ. ಕೌಂಟರ್ ಅನ್ನು ಮೀಟರ್‌ನಿಂದಲೇ ಓದಿಕೊಂಡು ಅದಕ್ಕಿಂತ ಮುಂದಿನದರಿಂದ ಶುರು ಮಾಡಬೇಕು. ಬ್ಯಾಕಪ್ ಎಬ್ಬಿಸುವ ಕ್ರಮದಲ್ಲೇ ಇದನ್ನು ಒಂದು ಹೆಜ್ಜೆಯಾಗಿ ಸೇರಿಸಿ.

ಮೀಟರ್‌ನ ಗಡಿಯಾರವನ್ನೂ ಇಲ್ಲೇ ನೋಡಿಬಿಡಿ. ಒಳಗಿನ ಬ್ಯಾಟರಿ ಸತ್ತ ಮೀಟರ್, ಕರೆಂಟ್ ಹೋಗಿ ಬಂದಾಗ 2000ನೇ ಇಸವಿಯಲ್ಲೋ 1970ರಲ್ಲೋ ಎಚ್ಚರವಾಗುತ್ತದೆ. ಆ ತಾರೀಖಿನ ರೀಡಿಂಗ್‌ಗಳನ್ನು ಸರ್ವರ್ ಎಸೆಯುತ್ತದೆ, ಲೆಕ್ಕ ನಿಲ್ಲುತ್ತದೆ. ರಾತ್ರಿ ಮತ್ತು ರಜಾದಿನ ಕಡಿತ ಮಾಡಬಾರದು ಅನ್ನುವ ನಿಯಮ ಮೀಟರ್ ಒಳಗೇ ಇದ್ದರೆ, ಅದು ತಪ್ಪು ಹೊತ್ತಿಗೆ ನಡೆಯುತ್ತದೆ. ನಡುರಾತ್ರಿ ಕಡಿತವಾಯಿತು ಅನ್ನುವ ದೂರಿನಲ್ಲಿ ಮೊದಲು ಗಡಿಯಾರ ಓದಿ.

ನೀರು, ಗ್ಯಾಸ್ ಮೀಟರ್‌ಗೆ ಎರಡು ಮಾತು

ಇಲ್ಲಿ ರಿಲೇ ಬದಲು ವಾಲ್ವ್, ಗೋಡೆಯ ಕರೆಂಟ್ ಬದಲು ಬ್ಯಾಟರಿ. ಸಾಮಾನ್ಯವಾಗಿ 3.6 ವೋಲ್ಟ್‌ನ ಲಿಥಿಯಂ ಥಯೋನಿಲ್ ಕ್ಲೋರೈಡ್ ಬ್ಯಾಟರಿ. ತುಂಬ ದಿನ ಸುಮ್ಮನೆ ಇದ್ದರೆ ಇದರೊಳಗೆ ಲಿಥಿಯಂ ಮೇಲೆ ತೆಳು ಪದರ ಕಟ್ಟುತ್ತದೆ. ಆಗ ಒಮ್ಮೆಲೇ ಮೋಡೆಮ್ ಎಬ್ಬಿಸಿದರೆ ವೋಲ್ಟೇಜ್ ಕುಸಿದು ಮೀಟರ್ ರೀಸೆಟ್ ಆಗುತ್ತದೆ. ಲೋಡ್ ಇಲ್ಲದೆ ಅಳೆದರೆ ಬ್ಯಾಟರಿ ಹೊಸದರ ಹಾಗೇ ಕಾಣುತ್ತದೆ. ಲೋಡ್ ಕೊಟ್ಟು ಅಳೆಯಿರಿ. ಇನ್ನು ವಾಲ್ವ್. ಗ್ಯಾಸ್ ವಾಲ್ವ್ ಅನ್ನು ದೂರದಿಂದ ಪೂರ್ತಿ ತೆರೆಯುವ ಮಾತೇ ಬೇಡ. ಒಲೆ ಆನ್ ಇದೆಯೋ ಯಾರಿಗೆ ಗೊತ್ತು? ಮನೆಯವರು ಮೀಟರ್ ಬಳಿ ಇದ್ದು ಒಪ್ಪಿಗೆ ಕೊಟ್ಟ ಮೇಲೆ ತೆರೆಯಬೇಕು.

ವ್ಯವಸ್ಥೆಯಲ್ಲಿ ಏನು ಬದಲಿಸಬೇಕು

ಮೇಲಿನ ದೋಷಗಳಲ್ಲಿ ಬಹಳಷ್ಟನ್ನು ಹುಡುಕುವ ಅಗತ್ಯವೇ ಬೀಳದ ಹಾಗೆ ಮಾಡಬಹುದು. ನನ್ನ ಪ್ರಕಾರ ಮೊದಲ ಬದಲಾವಣೆ ಹೆಡ್ ಎಂಡ್‌ನಲ್ಲಿ ಆಗಬೇಕು. ಜೋಡಿಸುವ ಆದೇಶ ಕಳಿಸಿದ ಮೇಲೆ ರಿಲೇ ಸ್ಥಿತಿ ವಾಪಸ್ ಓದುವವರೆಗೆ ಕೆಲಸ ಮುಗಿದಿಲ್ಲ ಅಂತಲೇ ಲೆಕ್ಕ. ಓದಲು ಆಗದಿದ್ದರೆ ಗ್ರಾಹಕರು ಫೋನ್ ಮಾಡುವ ಮೊದಲೇ ದೂರು ತಾನಾಗಿ ಹುಟ್ಟಬೇಕು.

ಎರಡನೆಯದು, ಮೀಟರ್ ಸಂಪರ್ಕಕ್ಕೆ ಬಂದ ಕ್ಷಣವೇ ತನಗೆ ಏನಾದರೂ ಬಾಕಿ ಆದೇಶ ಇದೆಯೇ ಅಂತ ಕೇಳಬೇಕು. ಸರ್ವರ್ ಬಾಗಿಲು ತಟ್ಟುತ್ತಾ ಇರುವುದಕ್ಕಿಂತ ಇದು ನಂಬಿಕೆಯ ದಾರಿ. ಆದರೆ ಒಂದು ಬಡಾವಣೆಗೆ ಕರೆಂಟ್ ವಾಪಸ್ ಬಂದಾಗ ಎಲ್ಲ ಮೀಟರ್‌ಗಳೂ ಒಂದೇ ಕ್ಷಣಕ್ಕೆ ನುಗ್ಗಿದರೆ ಟವರ್ ಉಸಿರುಗಟ್ಟುತ್ತದೆ. ಪ್ರತಿ ಮೀಟರ್ ಲೆಕ್ಕವಿಲ್ಲದೆ ಆರಿಸಿಕೊಂಡ ಬೇರೆ ಬೇರೆ ಹೊತ್ತು ಕಾದು ಬರಬೇಕು.

ಇನ್ನು ರೀಡಿಂಗ್ ಜೊತೆಗೇ ಸಿಗ್ನಲ್ ಮಟ್ಟ, ನೋಂದಣಿ ಸ್ಥಿತಿ, ಗಡಿಯಾರದ ವ್ಯತ್ಯಾಸ, ಎಷ್ಟು ಸಲ ರೀಸೆಟ್ ಆಯಿತು ಅನ್ನುವುದನ್ನೂ ಕಳಿಸಲಿ. ಕೆಲವೇ ಬೈಟ್‌ಗಳ ಮಾತು. ಸಾಯುತ್ತಿರುವ ಮೀಟರ್ ವಾರಗಟ್ಟಲೆ ಮೊದಲೇ ಲಕ್ಷಣ ತೋರಿಸುತ್ತದೆ, ನೋಡುವವರು ಬೇಕಷ್ಟೇ. ಹಲವು ಜಾಲಗಳಿಗೆ ಹೊರಳಬಲ್ಲ ಸಿಮ್ ಒಳ್ಳೆಯದು, ಆದರೆ ಒಂದೇ ಟವರ್ ಹಂಚಿಕೊಂಡ ಎರಡು ಆಪರೇಟರ್ ಇದ್ದರೆ ಅದರಿಂದ ಹೆಚ್ಚೇನೂ ಲಾಭವಿಲ್ಲ.

ಎಲ್ಲಕ್ಕಿಂತ ನಾನು ಹಟ ಹಿಡಿಯುವುದು ಜಾಲ ಇಲ್ಲದಾಗಿನ ದಾರಿಗೆ. ಸರ್ವರ್ ಬಗೆಯ ಮೀಟರ್‌ಗೂ ತುರ್ತು ಬ್ಯಾಲೆನ್ಸ್ ಇರಬೇಕು, ಬಟನ್ ಒತ್ತಿದರೆ ಒಂದಿಷ್ಟು ಹೊತ್ತು ಕರೆಂಟ್ ಕೊಡುವ ಹಾಗೆ. ಇಲ್ಲವೇ ಕೈಯಲ್ಲಿ ಒತ್ತುವ ಟೋಕನ್ ಇರಬೇಕು. ಸಂಪರ್ಕದಲ್ಲಿ ಇಲ್ಲದ ಮೀಟರ್ ಅನ್ನು ಕಡಿತದ ಪಟ್ಟಿಗೆ ಹಾಕಲೇಬಾರದು. ವಾಪಸ್ ಜೋಡಿಸಲು ಆಗುತ್ತದೆ ಅನ್ನುವ ಖಾತ್ರಿ ಇಲ್ಲದೆ ಕಡಿಯುವುದು ನ್ಯಾಯವಲ್ಲ.

ದೂರು ಮುಚ್ಚುವ ಮೊದಲು

ಕರೆಂಟ್ ಬಂತು ಅಂದ ಕೂಡಲೇ ಹೊರಡಬೇಡಿ. ಪೆಟ್ಟಿಗೆ ಮುಚ್ಚಿ, ಸರ್ವರ್ ಕಡೆಯವರಿಗೆ ಫೋನ್ ಮಾಡಿ ರಿಲೇ ಸ್ಥಿತಿ ಓದಿಸಿ, ಗಡಿಯಾರ ಹೊಂದಿಸಿ, ಮುಂದಿನ ಮಾಮೂಲಿ ರೀಡಿಂಗ್ ಬಂದು ಸೇರುವುದನ್ನು ನೋಡಿ. ದೂರಿನ ಷರಾದಲ್ಲಿ "ಸರಿಪಡಿಸಲಾಗಿದೆ" ಅಂತ ಒಂದೇ ಪದ ಬರೆಯಬೇಡಿ. ರೀಚಾರ್ಜ್ ಎಲ್ಲಿಯವರೆಗೆ ಬಂದಿತ್ತು, ಎಲ್ಲಿ ನಿಂತಿತ್ತು, ಯಾವ ಅಂಕಿ ನೋಡಿ ಅದು ಗೊತ್ತಾಯಿತು, ಏನು ಬದಲಿಸಿದಿರಿ ಅಂತ ಬರೆಯಿರಿ. ಮೀಟರ್ ಬದಲಿಸಿದ್ದರೆ ಕಳಚಿದ ಮೀಟರ್‌ನ ಕೊನೆಯ 1.8.0 ರೀಡಿಂಗ್ ಮತ್ತು ಅದರಲ್ಲಿ ಉಳಿದ ಬ್ಯಾಲೆನ್ಸ್ ಎರಡನ್ನೂ ಡಿಸ್‌ಪ್ಲೇ ಸಮೇತ ಫೋಟೋ ತೆಗೆದು ದೂರಿಗೆ ಸೇರಿಸಿ, ಹೊಸ ಮೀಟರ್‌ನ ಸಂಖ್ಯೆ ಗ್ರಾಹಕರ ಖಾತೆಯಲ್ಲಿ ಬದಲಾಗಿದೆಯೇ ಅಂತ ಅಲ್ಲೇ ನಿಂತು ನೋಡಿಕೊಳ್ಳಿ.